ಟೊಳ್ಳು ಗದೆಯ ಭಾರ

"ನಿಲ್ಸು, ಸ್ವಲ್ಪ ನಿಲ್ಸು" ಅಂದರು ಮಾವ.

ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ 'ದಿ ತ್ರೀ ಮಸ್ಕೆಟಿಯರ್ಸ್' ಸಿನಿಮಾ ನಿಲ್ಲಿಸಿದೆ. ಬಟ್ಟೆ ಒಗೆಯುವ ಜಾಗದಲ್ಲಿ ಹೊಡೆದಾಟ ನಡೆದಿತ್ತು. ಒಂದು ಕಡೆ ಫ್ರಾನ್ಸಿನ ದೊರೆಯ ಅಂಗರಕ್ಷಕ ಪಡೆಯ ಮಸ್ಕೆಟಿಯರುಗಳು, ಇನ್ನೊಂದು ಕಡೆ ದೊರೆಯ ಮಂತ್ರಿ ಕಾರ್ಡಿನಲ್ ರಿಷಲ್ಯೂನ ಕಾವಲಿನವರು. ನಡುವೆ ಒಗೆಯುವ ಹೆಂಗಸರು, ನೀರು, ಒದ್ದೆ ಬಟ್ಟೆಯ ರಾಶಿ. ಕತ್ತಿ ಕೈತಪ್ಪಿದವನಿಗೆ ಒದ್ದೆ ಬಟ್ಟೆಯೇ ಆಯುಧ. ಮಾವ ಹೇಳಿದರು ಅಂತ ಅರ್ಧ ನಿಮಿಷ ಹಿಂದಕ್ಕೆ ಹಾಕಿ ಮತ್ತೆ ತೋರಿಸಿದೆ. ಮಸ್ಕೆಟಿಯರುಗಳಲ್ಲೊಬ್ಬನಾದ ಅಥೋಸ್ ಕತ್ತಿ ಬೀಸುತ್ತಾನೆ. ಬೀಸಿದ ರಭಸಕ್ಕೆ ಅವನ ಹೆಗಲು ಕತ್ತಿಯ ಹಿಂದೆಯೇ ಹೋಗುತ್ತದೆ. ಕಾಲು ಊರಿ ಮೈಯನ್ನು ಮತ್ತೆ ಸರಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಮೇಲೆ ಬಿದ್ದಿರುತ್ತಾನೆ.

"ನೋಡ್ದಾ? ಕತ್ತೀನೇ ಅವನನ್ನ ಎಳ್ಕೊಂಡು ಹೋಗ್ತೈತೆ. ಭಾರ ಐತೆ ಕಣೋ ಅದು."

ನನ್ನ ಸೋದರಮಾವ ತಿಪಟೂರು ಸೀಮೆಯಲ್ಲಿ ಮೂವತ್ತು ವರ್ಷ 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡಿದವರು. ಹಗಲು ತೆಂಗಿನ ತೋಟ, ಸುಗ್ಗಿ ಮುಗಿದ ಮೇಲೆ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಅಭ್ಯಾಸ, ಹಬ್ಬ ಬಂದಾಗ ಬಾಡಿಗೆಗೆ ತಂದ ಸೀನರಿ, ಬೆಳಗಿನ ಜಾವದವರೆಗೆ ಆಟ. ಅವರ ಗದೆ ಈಗಲೂ ಮನೆಯ ಅಟ್ಟದ ಮೇಲಿದೆ. ಬಿದಿರ ದಬ್ಬೆ ಹೆಣೆದು, ಬಟ್ಟೆ ಸುತ್ತಿ, ಬೇಗಡೆ ಅಂಟಿಸಿದ ಗದೆ. ಒಳಗೆ ಪೂರ್ತಿ ಟೊಳ್ಳು. ಚಿಕ್ಕವನಿದ್ದಾಗ ಅದನ್ನು ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ. "ಟೊಳ್ಳು ಗದೆ ಎತ್ತೋದೇ ಕಷ್ಟ" ಅನ್ನೋರು ಮಾವ. "ನಿಜವಾದ ಭಾರ ಎತ್ತೋಕೆ ತಾಕತ್ತಿದ್ರೆ ಸಾಕು. ಇಲ್ದಿರೋ ಭಾರಾನ ಮೈಮೇಲೆ ತರಬೇಕಲ್ಲ, ಅದಕ್ಕೆ ಮೇಷ್ಟ್ರು ಬೇಕು."

ಅಂಥವರ ಜೊತೆ ಕೂತು ರಿಚರ್ಡ್ ಲೆಸ್ಟರ್ ನಿರ್ದೇಶಿಸಿದ 'ದಿ ತ್ರೀ ಮಸ್ಕೆಟಿಯರ್ಸ್' ನೋಡಿದ್ದು ನನ್ನ ಪುಣ್ಯ. ಈ ಚಿತ್ರವನ್ನು ಮೊದಲೇ ಮೂರು ನಾಲ್ಕು ಸಲ ನೋಡಿದ್ದೆ. ಅದು ಯಾಕೆ ಇಷ್ಟ ಅಂತ ಯಾರಾದರೂ ಕೇಳಿದ್ದರೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಮಾವ ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಕಥೆಯನ್ನು ನನಗೆ ಕೊಟ್ಟವರೂ ಅವರೇ. ಏಳನೇ ಕ್ಲಾಸಿನ ಬೇಸಿಗೆ ರಜೆ. ಕೊಬ್ಬರಿ ವ್ಯಾಪಾರದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದವರು ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಇಂಗ್ಲಿಷಿನ ಮಕ್ಕಳ ಪುಸ್ತಕವೊಂದನ್ನು ತಂದರು. ಬೆನ್ನು ಕಿತ್ತುಹೋಗಿತ್ತು, ಮುಖಪುಟದಲ್ಲಿ ಗರಿ ಸಿಕ್ಕಿಸಿದ ಟೋಪಿಯ ನಾಲ್ವರಿದ್ದರು. ಅಲೆಕ್ಸಾಂಡರ್ ಡ್ಯೂಮಾನ ದೊಡ್ಡ ಕಾದಂಬರಿಯನ್ನು ನೂರು ಚಿಲ್ಲರೆ ಪುಟಕ್ಕೆ ಇಳಿಸಿದ್ದರು. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಓದಿದೆ. ಗ್ಯಾಸ್ಕನಿಯ ಬಡ ಹುಡುಗ ದಾರ್ತಾನ್ಯಾ ಹಳದಿ ಬಣ್ಣದ ಮುದಿ ಕುದುರೆ ಹತ್ತಿ ಪ್ಯಾರಿಸ್ಸಿಗೆ ಬರುತ್ತಾನೆ. ಬಂದ ಹೊಸದರಲ್ಲೇ ಮೂವರ ಜೊತೆ ಜಗಳ ತೆಗೆದು, ಒಬ್ಬನಿಗೆ ಹನ್ನೆರಡಕ್ಕೆ, ಇನ್ನೊಬ್ಬನಿಗೆ ಒಂದಕ್ಕೆ, ಮತ್ತೊಬ್ಬನಿಗೆ ಎರಡು ಗಂಟೆಗೆ ದ್ವಂದ್ವಯುದ್ಧದ ಮಾತು ಕೊಡುತ್ತಾನೆ. ಆ ಮೂವರೇ ಮಸ್ಕೆಟಿಯರುಗಳಾದ ಅಥೋಸ್, ಪೋರ್ಥೋಸ್, ಅರಾಮಿಸ್. ಸಂಜೆಯಷ್ಟರಲ್ಲಿ ಮೂವರೂ ಗೆಳೆಯರು. ಆಮೇಲೆ ರಾಣಿಯ ವಜ್ರಗಳ ಪ್ರಸಂಗ. ದೊರೆ ಕೊಟ್ಟ ಹನ್ನೆರಡು ವಜ್ರಗಳ ಒಡವೆಯನ್ನು ರಾಣಿ ಗುಟ್ಟಾಗಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಡ್ಯೂಕನಿಗೆ ಕೊಟ್ಟಿದ್ದಾಳೆ. ನೃತ್ಯಕೂಟ ನಡೆಯುವುದರೊಳಗೆ ಅದನ್ನು ವಾಪಸು ತರಬೇಕು. ನಾಲ್ವರು ಹೊರಡುತ್ತಾರೆ. ದಾರಿಯಲ್ಲಿ ಷಾಂಟಿಯಿ ಅನ್ನುವ ಊರಲ್ಲಿ ಪೋರ್ಥೋಸ್ ಹಿಂದೆ ಉಳಿದ, ಮುಂದೆ ಅರಾಮಿಸ್ ಗುಂಡು ತಿಂದ, ಅಮಿಯಾನಿನಲ್ಲಿ ಅಥೋಸ್ ಸಿಕ್ಕಿಬಿದ್ದ. ಸಮುದ್ರ ದಾಟಿದ್ದು ದಾರ್ತಾನ್ಯಾ ಮತ್ತು ಅವನ ಆಳು ಪ್ಲಾಂಷೆ ಇಬ್ಬರೇ. ವಜ್ರ ಬಂತು, ರಾಣಿಯ ಮಾನ ಉಳಿಯಿತು, ಪುಸ್ತಕ ಮುಗಿಯಿತು.

ಮುಗಿಸಿದವನೇ ಮಾವನ ಹತ್ತಿರ ಓಡಿದೆ. ಅವರು ತೋಟದಲ್ಲಿ ಬಾಳೆಗೆ ನೀರು ತಿರುಗಿಸುತ್ತಿದ್ದರು. ಕಥೆಯನ್ನೆಲ್ಲ ಒಪ್ಪಿಸಿದೆ. ಪೂರ್ತಿ ಕೇಳಿ, "ಮೇಷ್ಟ್ರೊಬ್ಬರು ನಮಗೆ ಈ ಕಥೆ ಹೇಳಿದ್ರು. ಅದು ಅಲ್ಲಿಗೆ ಮುಗಿಯಲ್ಲ ಕಣೋ. ಇನ್ನೂ ಐತೆ. ದೊಡ್ಡೋನಾದ್ಮೇಲೆ ಓದ್ಕೊ" ಅಂದರು.

ನನಗೆ ಕೋಪ ಬಂತು. ಗೆದ್ದ ಮೇಲೆ ಇನ್ನೇನಿದೆ?

ಮೂಲ ಕಾದಂಬರಿ 1844ರಲ್ಲಿ ಪ್ಯಾರಿಸ್ಸಿನ 'ಲ ಸಿಯೆಕ್ಲ್' ಪತ್ರಿಕೆಯಲ್ಲಿ ಮಾರ್ಚಿನಿಂದ ಜುಲೈವರೆಗೆ ಧಾರಾವಾಹಿಯಾಗಿ ಬಂತು. ಡ್ಯೂಮಾನ ಜೊತೆ ಕೂತು ಕಥೆಯ ಹಂದರ ಕಟ್ಟಿಕೊಟ್ಟವನು ಒಗಸ್ತ್ ಮಾಕೆ. ಪುಸ್ತಕದ ಮೇಲೆ ಅವನ ಹೆಸರು ಬರಲಿಲ್ಲ, ಅದು ಅನ್ಯಾಯ ಅಂತಲೇ ನನಗೆ ಅನಿಸುವುದು. ದಾರ್ತಾನ್ಯಾ ಬರೀ ಕಲ್ಪನೆಯ ಮನುಷ್ಯನಲ್ಲ. ಶಾರ್ಲ್ ದ ಬಾಟ್ಸ್ ಅನ್ನುವ ಗ್ಯಾಸ್ಕನಿಯ ಸೈನಿಕ ದಾರ್ತಾನ್ಯಾ ಅನ್ನುವ ಹೆಸರಿನಲ್ಲೇ ದೊರೆಯ ಸೇವೆಯಲ್ಲಿದ್ದು, 1673ರಲ್ಲಿ ಮಾಸ್ಟ್ರಿಕ್ಟ್ ಕೋಟೆಯ ಮುತ್ತಿಗೆಯಲ್ಲಿ ಸತ್ತ. ಅವನ ನೆನಪುಗಳು ಅಂತ ಹೇಳಿಕೊಂಡು ಕುರ್ತೀಲ್ ದ ಸಾಂದ್ರಾ 1700ರಲ್ಲಿ ಬರೆದ ಪುಸ್ತಕವೇ ಡ್ಯೂಮಾನ ಕೈಗೆ ಸಿಕ್ಕ ಬೀಜ. ಲೆಸ್ಟರ್ ಸ್ಪೇನಿನಲ್ಲಿ ಚಿತ್ರೀಕರಣ ಮಾಡಿದ್ದು 1973ರಲ್ಲಿ, ಆ ಸೈನಿಕ ಸತ್ತು ಸರಿಯಾಗಿ 300 ವರ್ಷಕ್ಕೆ.

ಡ್ಯೂಮಾನ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಅಪ್ಪನ ಕಥೆ. ಥಾಮಸ್ ಅಲೆಕ್ಸಾಂಡರ್ ಡ್ಯೂಮಾ ಹುಟ್ಟಿದ್ದು ಈಗಿನ ಹೈಟಿಯಲ್ಲಿ, ಗುಲಾಮಳಾಗಿದ್ದ ಕಪ್ಪು ಹೆಣ್ಣುಮಗಳ ಹೊಟ್ಟೆಯಲ್ಲಿ. ಫ್ರೆಂಚ್ ಕ್ರಾಂತಿಯ ಸೈನ್ಯದಲ್ಲಿ ಅವನು ಜನರಲ್ ಆದ. ಈಜಿಪ್ಟಿನಿಂದ ಮರಳುವಾಗ 1799ರಲ್ಲಿ ದಕ್ಷಿಣ ಇಟಲಿಯಲ್ಲಿ ಸೆರೆಸಿಕ್ಕ. ಎರಡು ವರ್ಷ ಬಂದಿಯಾಗಿದ್ದು ಮೈ ಕಳೆದುಕೊಂಡು ಮನೆಗೆ ಬಂದ. 1806ರಲ್ಲಿ ತೀರಿಕೊಂಡಾಗ ಮಗನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಆ ಮಗ ದೊಡ್ಡವನಾಗಿ ಬರೆದ ಈ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಅಪ್ಪನೊಬ್ಬ ತನ್ನ ಕತ್ತಿಯನ್ನು ಮಗನ ಸೊಂಟಕ್ಕೆ ತಾನೇ ಕಟ್ಟಿ, ಎರಡೂ ಕೆನ್ನೆಗೆ ಮುತ್ತಿಟ್ಟು ಕಳಿಸುತ್ತಾನೆ. ಆ ಪುಟ ಬರೆಯುವಾಗ ಅವನ ಕೈ ಒಂದು ಗಳಿಗೆ ನಿಂತಿರಬೇಕು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಲೆಸ್ಟರ್ ಚಿತ್ರವೂ ಅಲ್ಲಿಂದಲೇ ಶುರು. ಹೆಸರುಗಳು ಬರುತ್ತಿರುವಾಗ ಅಪ್ಪ ಮಗನಿಗೆ ಕತ್ತಿವರಸೆ ಹೇಳಿಕೊಡುತ್ತಿರುತ್ತಾನೆ, ಎಲ್ಲವೂ ನಿಧಾನಗತಿಯಲ್ಲಿ.

ಈ ಚಿತ್ರದ ಕತ್ತಿವರಸೆ ರೂಪಿಸಿದವರು ವಿಲಿಯಂ ಹಾಬ್ಸ್. ಅದಕ್ಕೂ ಹಿಂದಿನ ಕತ್ತಿಯ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ನಾಯಕ ಮೆಟ್ಟಿಲ ಮೇಲೆ ನಿಂತು ಒಂದೇ ಕೈಯಲ್ಲಿ ಐವರನ್ನು ತಡೆಯುತ್ತಾನೆ, ತಲೆಗೂದಲು ಕೆದರುವುದಿಲ್ಲ, ಮಾತು ತಡವರಿಸುವುದಿಲ್ಲ. ಅದೂ ಒಂದು ಚೆಲುವೇ, ನಾನು ಕಡೆಗಣಿಸುತ್ತಿಲ್ಲ. 1921ರ ಮೂಕಿಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಇದೇ ದಾರ್ತಾನ್ಯಾ ಆಗಿ ನೆಗೆಯುವುದನ್ನು ನೋಡಿದರೆ ಮನುಷ್ಯನ ಮೈಗೆ ಇಷ್ಟು ಸಂತೋಷ ಸಾಧ್ಯವೇ ಅನಿಸುತ್ತದೆ. ಆದರೆ ಹಾಬ್ಸ್ ಬೇರೆಯದೇ ದಾರಿ ಹಿಡಿದರು. ಇಲ್ಲಿ ಎಡಗೈಗೂ ಕೆಲಸವಿದೆ. ಮೇಲಂಗಿ ಬಿಚ್ಚಿ ಮುಂಗೈಗೆ ಸುತ್ತಿಕೊಂಡರೆ ಅದೇ ಗುರಾಣಿ, ಇನ್ನೊಬ್ಬನಿಗೆ ಕಠಾರಿ, ಮತ್ತೊಬ್ಬನಿಗೆ ಕೈಗೆ ಸಿಕ್ಕಿದ್ದೇ ಸೈ. ಒದೆಯುತ್ತಾರೆ, ಕೂದಲು ಹಿಡಿದೆಳೆಯುತ್ತಾರೆ, ಎಡವಿ ಬೀಳುತ್ತಾರೆ. ಬೀಸಿದ ಏಟು ತಪ್ಪಿದರೆ ಕತ್ತಿ ಕಂಬಕ್ಕೋ ಬಾಗಿಲಿಗೋ ಕಚ್ಚಿಕೊಳ್ಳುತ್ತದೆ. ಅದನ್ನು ಕೀಳುವಷ್ಟು ಹೊತ್ತು ಜೀವ ಎದುರಾಳಿಯ ಕೈಯಲ್ಲಿ. ನಾಲ್ಕು ನಿಮಿಷ ಹೊಡೆದಾಡಿದ ಮೇಲೆ ಎಲ್ಲರೂ ಏದುಸಿರು ಬಿಡುತ್ತಾರೆ.

ಅಥೋಸನ ಪಾತ್ರ ಆಲಿವರ್ ರೀಡ್‌ದು. ಕಾಳಗಕ್ಕೆ ಇಳಿದರೆ ಗೂಳಿ, ಕುಡಿಯಲು ಕೂತರೆ ಬಾವಿಯಂಥ ಮೌನ. ನಾಲ್ವರಲ್ಲಿ ನನ್ನ ಮನಸ್ಸು ಕೂತಿದ್ದು ಇವನ ಮೇಲೇ. ಮೈಕೆಲ್ ಯಾರ್ಕ್‌ನ ದಾರ್ತಾನ್ಯಾನಲ್ಲಿ ಹುಡುಗಾಟ, ರಿಚರ್ಡ್ ಚೇಂಬರ್ಲೇನ್‌ನ ಅರಾಮಿಸ್‌ನಲ್ಲಿ ನಾಜೂಕು, ಫ್ರಾಂಕ್ ಫಿನ್ಲೆಯ ಪೋರ್ಥೋಸ್‌ನಲ್ಲಿ ಬೆಡಗು. ಎದುರಾಳಿ ರೋಷ್‌ಫೋರ್ ಆಗಿ ಕ್ರಿಸ್ಟೋಫರ್ ಲೀ. ಇವನೂ ದಾರ್ತಾನ್ಯಾನೂ ರಾತ್ರಿ ಕಾಡಿನಲ್ಲಿ ಲಾಟೀನು ಹಿಡಿದು ಕಾದಾಡುವ ದೃಶ್ಯವೊಂದಿದೆ. ಬೆಳಕು ಇದ್ದರೆ ತಾನೂ ಕಾಣುತ್ತಾನೆ, ಮುಚ್ಚಿದರೆ ಎದುರಾಳಿಯೂ ಕಾಣುವುದಿಲ್ಲ. ಬೆಳಕೇ ಆಯುಧ, ಬೆಳಕೇ ಅಪಾಯ. ಆ ದೃಶ್ಯ ಮುಗಿಯುವವರೆಗೆ ಮಾವ ಬಾಯಿಗೆ ಹಾಕಿಕೊಂಡ ಅಡಿಕೆಯನ್ನು ಅಗಿಯಲಿಲ್ಲ.

ಇನ್ನೊಂದು ದೃಶ್ಯಕ್ಕೆ ಅವರು ಮನಸಾರೆ ನಕ್ಕರು. ಕೈಯಲ್ಲಿ ಕಾಸಿಲ್ಲದ ಗೆಳೆಯರು ಛತ್ರದಂಥ ಊಟದ ಮನೆಯೊಂದಕ್ಕೆ ನುಗ್ಗಿ ತಮ್ಮತಮ್ಮಲ್ಲೇ ಸುಳ್ಳು ಜಗಳ ತೆಗೆಯುತ್ತಾರೆ. ಜನ ಹೆದರಿ ಅತ್ತ ಸರಿದರೆ ಇವರು ಕತ್ತಿಯ ಮೊನೆಗೆ ಮಾಂಸದ ತುಂಡು ಚುಚ್ಚಿಕೊಂಡು, ರೊಟ್ಟಿ ಬಾಚಿಕೊಂಡು ಹೊರಬೀಳುತ್ತಾರೆ. ಹಸಿವು ಈ ಕಾದಂಬರಿಯಲ್ಲಿ ದೊಡ್ಡ ವಿಷಯ. ಪೋರ್ಥೋಸನ ಹೆಗಲಪಟ್ಟಿಗೆ ಚಿನ್ನದ ಕಸೂತಿ ಮುಂದೆ ಮಾತ್ರ, ಹಿಂದೆ ಬರೀ ತೊಗಲು. ಅದಕ್ಕೇ ಅವನು ಮೇಲಂಗಿ ತೆಗೆಯುವುದಿಲ್ಲ. ಮಕ್ಕಳ ಪುಸ್ತಕದಲ್ಲಿ ಇದನ್ನು ಓದಿ ನಕ್ಕಿದ್ದೆ. ಅಂಗಿಯ ಕಾಲರು ಹರಿದಾಗ ತಿರುಗಿಸಿ ಹೊಲಿದು ಹಾಕಿಕೊಂಡ ಹಾಸ್ಟೆಲ್ಲಿನ ದಿನಗಳು ಬಂದ ಮೇಲೆ ಆ ಪುಟ ಬೇರೆಯಾಗಿ ಓದಿಸಿಕೊಂಡಿತು.

ಚಿತ್ರಕಥೆ ಬರೆದ ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಸರ್ ಹುಡುಗನಾಗಿದ್ದಾಗ ಎರಡನೇ ಮಹಾಯುದ್ಧದಲ್ಲಿ 17ನೇ ಭಾರತೀಯ ಡಿವಿಜನ್ನಿನ ಜೊತೆ ಬರ್ಮಾದಲ್ಲಿ ಹೋರಾಡಿದವರು. ಕಾಲ್ನಡಿಗೆಯ ದಣಿವು, ಊಟಕ್ಕೆ ಕಾಯುವುದು, ಸಾವಿನ ಪಕ್ಕದಲ್ಲಿ ನಿಂತು ತಮಾಷೆ ಮಾಡುವುದು ಸೈನಿಕನಿಗೆ ಏನು ಅಂತ ಅವರಿಗೆ ಗೊತ್ತಿತ್ತು. ಇನ್ನು ಲೆಸ್ಟರ್ ಕಣ್ಣು ಸದಾ ಚೌಕಟ್ಟಿನ ಅಂಚಿನಲ್ಲಿ. ಅರಮನೆಯವರು ನಾಯಿಗಳನ್ನು ಕಾಯಿಗಳಂತೆ ನಿಲ್ಲಿಸಿ ಚದುರಂಗ ಆಡುತ್ತಾರೆ. ಮೇನೆಯಲ್ಲಿ ಕೂತವರು ಪ್ರೇಮದ ಮಾತಾಡುತ್ತಿದ್ದರೆ ಮೇನೆ ಹೊತ್ತವರು ತಮ್ಮ ಪಾಡಿಗೆ ಗೊಣಗುತ್ತಿರುತ್ತಾರೆ. ಸಾಹಸಿಗಳು ಕುಣಿದಾಡಿ ಹೋದ ಜಾಗದಲ್ಲಿ ಒಗೆದ ಬಟ್ಟೆ ಮತ್ತೆ ಕೊಳೆಯಾಗಿ ಬಿದ್ದಿರುತ್ತದೆ. ಅದನ್ನು ಮತ್ತೆ ಒಗೆಯಬೇಕಾದ ಹೆಂಗಸರ ಮುಖವನ್ನೂ ಕ್ಯಾಮೆರಾ ಬಿಡುವುದಿಲ್ಲ. ಡ್ಯೂಮಾ ಇಷ್ಟರಮಟ್ಟಿಗೆ ಅವರನ್ನು ನೋಡಿರಲಿಲ್ಲ. ಕಾದಂಬರಿಗೆ ನಿಷ್ಠವಾಗಿದ್ದೂ ಅದಕ್ಕಿಂತ ಒಂದು ಹೆಜ್ಜೆ ಆಚೆ ಹೋಗಿ ನೋಡಿದ್ದು ಈ ಚಿತ್ರದ ದೊಡ್ಡ ಗುಣ ಅಂತ ನಾನು ತಿಳಿದಿದ್ದೇನೆ.

ಮೊದಲ ರಾತ್ರಿ ಚಿತ್ರ ಮುಗಿದದ್ದು ನೃತ್ಯಕೂಟದಲ್ಲಿ. ವಜ್ರ ಬಂತು, ರಾಣಿಯ ಮಾನ ಉಳಿಯಿತು. ನನ್ನ ಅವೆನ್ಯೂ ರಸ್ತೆಯ ಪುಸ್ತಕ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲೇ. ಫೇರ್‌ಬ್ಯಾಂಕ್ಸ್‌ನ ಮೂಕಿಚಿತ್ರವೂ ಅಲ್ಲಿಗೇ ನಿಂತಿತ್ತು. ಅಲ್ಲಿ ನಿಲ್ಲಿಸಿದರೆ ಎಲ್ಲರಿಗೂ ಸುಖ.

ಆದರೆ ಇವರು ಪೂರ್ತಿ ಕಾದಂಬರಿಯನ್ನು ಚಿತ್ರೀಕರಿಸಿದ್ದರು. ನಿರ್ಮಾಪಕರಾದ ಅಲೆಕ್ಸಾಂಡರ್ ಮತ್ತು ಇಲ್ಯಾ ಸಾಲ್ಕಿಂಡ್ ಅದನ್ನು ನಡುವೆ ಕತ್ತರಿಸಿ ಎರಡು ಚಿತ್ರ ಮಾಡಿದರು. ಎರಡನೆಯದರ ಹೆಸರು 'ದಿ ಫೋರ್ ಮಸ್ಕೆಟಿಯರ್ಸ್'. ಒಂದು ಸಿನಿಮಾಕ್ಕೆ ಅಂತ ಸಂಬಳ ಪಡೆದಿದ್ದ ಕಲಾವಿದರು ಸುಮ್ಮನಿರಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. ಅಲ್ಲಿಂದ ಮುಂದೆ ಹಾಲಿವುಡ್ ನಟರ ಒಪ್ಪಂದದಲ್ಲಿ ಎಷ್ಟು ಚಿತ್ರಕ್ಕೆ ಈ ದುಡಿಮೆ ಅಂತ ಬರೆಯುವ ಷರತ್ತು ಬಂತು, ಅದಕ್ಕೆ ಸಾಲ್ಕಿಂಡ್ ಷರತ್ತು ಅಂತಲೇ ಹೆಸರು. ಇದನ್ನು ಹೇಳಿದಾಗ ಮಾವ ಎದ್ದು ಕೂತರು. "ಒಂದು ರಾತ್ರಿ ಆಟಕ್ಕೆ ಮಾತಾಡಿ ಎರಡು ರಾತ್ರಿ ಆಡಿಸ್ದಂಗಾಯ್ತಲ್ಲೋ. ಬಣ್ಣ ಹಚ್ಕೊಂಡೋನ ಹೊಟ್ಟೆ ಮೇಲೆ ಹೊಡೀಬಾರ್ದು." ನನಗೂ ಅದೇ ಸಂಕಟ. ಮೋಸ ಮೋಸವೇ. ಆದರೂ ಕಥೆ ಅಲ್ಲಿ ಮುರಿದಿದ್ದು ಸರಿಯಾದ ಗಂಟಿನಲ್ಲೇ ಅಂತ ಹೇಳದೆ ಇರಲಾರೆ. ಅದು ಹುಡುಗನ ಕಥೆ ಮುಗಿದು ಗಂಡಸಿನ ಕಥೆ ಶುರುವಾಗುವ ಜಾಗ.

ಮಾರನೇ ರಾತ್ರಿ ಎರಡನೆಯದು ಹಾಕಿದೆ. ಹೊರಗೆ ಮಳೆ ಹಿಡಿದಿತ್ತು.

ಇಲ್ಲಿ ಲಾ ರೊಷೆಲ್ ಅನ್ನುವ ಕೋಟೆಪಟ್ಟಣದ ಮುತ್ತಿಗೆಯಿದೆ, 1627ರಿಂದ 28ರವರೆಗೆ ನಡೆದದ್ದು. ಶತ್ರುಗಳ ಗುಂಡಿನ ನಡುವೆ ಪಾಳು ಕೊತ್ತಲದಲ್ಲಿ ಕೂತು ನಾಲ್ವರು ಪಂಥಕ್ಕಾಗಿ ನಾಷ್ಟಾ ಮಾಡುತ್ತಾರೆ. ನಗು ಇನ್ನೂ ಇದೆ, ಆದರೆ ಹಲ್ಲು ಕಚ್ಚಿಕೊಂಡ ನಗು. ಅಥೋಸ್ ಕುಡಿದು ಹಳೆಯ ಕಥೆ ಹೇಳುತ್ತಾನೆ. ತಾನು ಪ್ರೀತಿಸಿ ಮದುವೆಯಾದ ಹುಡುಗಿಯ ಹೆಗಲ ಮೇಲೆ ಕಳ್ಳರಿಗೆ ಹಾಕುವ ಬರೆ ಕಂಡು, ತನ್ನ ಕೈಯಾರೆ ಅವಳನ್ನು ನೇಣಿಗೆ ಹಾಕಿದ ಕಥೆ. ಅವಳು ಸತ್ತಿರಲಿಲ್ಲ. ಅವಳೇ ಮಿಲೇಡಿ, ಫೇ ಡನವೇ ಮಾಡಿದ ಪಾತ್ರ. ಮಕ್ಕಳ ಪುಸ್ತಕದಲ್ಲಿ ಅವಳು ವಜ್ರ ಕದಿಯುವ ಕೆಟ್ಟ ಹೆಂಗಸು ಅಷ್ಟೇ. ಪೂರ್ತಿ ಕಥೆಯಲ್ಲಿ ಅವಳಿಗೂ ಒಂದು ಲೆಕ್ಕವಿದೆ, ಅಥೋಸನಿಗೂ ಒಂದು ಅಪರಾಧವಿದೆ. ಕುಡಿತದ ಹಿಂದೆ ಇದ್ದ ಆ ಮೌನ ಏನು ಅನ್ನುವುದು ಈಗ ಗೊತ್ತಾಗುತ್ತದೆ.

ದಾರ್ತಾನ್ಯಾನ ಪ್ರೀತಿಯ ಕಾನ್‌ಸ್ಟಾನ್ಸ್ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಅಡಗಿದ್ದಾಳೆ. ಕಾದಂಬರಿಯಲ್ಲಿ ಮಿಲೇಡಿ ಅವಳಿಗೆ ವಿಷ ಕೊಡುತ್ತಾಳೆ, ಚಿತ್ರದಲ್ಲಿ ಜಪಮಾಲೆಯಿಂದ ಕತ್ತು ಬಿಗಿಯುತ್ತಾಳೆ. ಗೆಳೆಯರು ಬರುವಷ್ಟರಲ್ಲಿ ಹೊತ್ತು ಮೀರಿದೆ. ಮೊದಲ ಚಿತ್ರದುದ್ದಕ್ಕೂ ಎಡವಿ ಬಿದ್ದು ನಗಿಸಿದ ಹುಡುಗಿಯನ್ನು ರಾಕೆಲ್ ವೆಲ್ಚ್ ಎಷ್ಟು ಜೀವಂತವಾಗಿ ಮಾಡಿದ್ದರೆಂದರೆ, ಈ ಸಾವಿಗೆ ನಾನು ಯಾವ ಸಲವೂ ಸಿದ್ಧನಿರುವುದಿಲ್ಲ. ಆಮೇಲೆ ಚರ್ಚಿನೊಳಗೆ ದಾರ್ತಾನ್ಯಾ ಮತ್ತು ರೋಷ್‌ಫೋರ್‌ನ ಕೊನೆಯ ಕಾಳಗ. ಅದರಲ್ಲಿ ವರಸೆಯೇ ಇಲ್ಲ. ಇಬ್ಬರಿಗೂ ಕೈ ಮೇಲೇಳುತ್ತಿಲ್ಲ. ಕತ್ತಿಯನ್ನು ಎತ್ತುವುದೇ ಒಂದು ಕೆಲಸ, ಅದನ್ನು ಇಳಿಸುವುದು ಇನ್ನೊಂದು ಕೆಲಸ. ನಡುವೆ ಉಸಿರಿನ ಸದ್ದು ಮಾತ್ರ. ಹಿಂದಿನ ರಾತ್ರಿ ಮಾವ ತೋರಿಸಿದ್ದ ಆ ಭಾರ ಇಲ್ಲಿಗೆ ಬರಬೇಕಿತ್ತು ಅಂತಲೇ ಅಷ್ಟು ದೂರದಿಂದ ಹೊತ್ತು ತಂದಂತಿತ್ತು. ಮೊದಲ ಚಿತ್ರದಲ್ಲಿ ಕತ್ತಿ ಹಗುರವಾಗಿದ್ದಿದ್ದರೆ ಇಲ್ಲಿ ಈ ದಣಿವನ್ನು ಯಾರೂ ನಂಬುತ್ತಿರಲಿಲ್ಲ.

ಕೊನೆಗೆ ಮಿಲೇಡಿಯನ್ನು ದೋಣಿಯಲ್ಲಿ ಹೊಳೆಯಾಚೆ ಕರೆದೊಯ್ಯುತ್ತಾನೆ ಮರಣದಂಡನೆ ಜಾರಿ ಮಾಡುವವನು. ನಾಲ್ವರು ಈಚೆ ದಡದಲ್ಲಿ ನಿಂತು ನೋಡುತ್ತಾರೆ. ಯಾರ ಮುಖದಲ್ಲೂ ಗೆದ್ದ ಕಳೆಯಿಲ್ಲ.

ಮಾವ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಅತ್ತೆ ಒಳಗಿಂದ ಕಾಫಿ ತಂದಿಟ್ಟು ಹೋದರು, ಅದು ಆರಿತು. "ದುರ್ಯೋಧನ ವೈಶಂಪಾಯನ ಸರೋವರದ ಹತ್ರ ಒಬ್ಬನೇ ಬರ್ತಾನಲ್ಲ" ಅಂದರು ಆಮೇಲೆ, "ಆವಾಗ ಗದೆ ಹೆಂಗೆ ಹಿಡೀಬೇಕು ಅಂತ ಮೇಷ್ಟ್ರು ಒಂದು ತಿಂಗಳು ತಿದ್ದಿದ್ರು. ಮೊದಲನೇ ಸೀನಲ್ಲಿ ಹಿಡ್ದಂಗೆ ಹಿಡೀಬಾರ್ದು. ಅದೇ ಗದೆ. ಆದ್ರೆ ಅಷ್ಟೊತ್ತಿಗೆ ನೂರು ಜನ ಸತ್ತವ್ರೆ."

ಇನ್ನೊಂದು ಸಂಗತಿ ಹೇಳಬೇಕೋ ಬೇಡವೋ ಅಂತ ಹಿಂಜರಿದು, ಹೇಳಿದೆ. ಪ್ಲಾಂಷೆ ಆಗಿ ನಟಿಸಿದ ರಾಯ್ ಕಿನಿಯರ್ ಈ ಎರಡೂ ಚಿತ್ರಗಳಲ್ಲಿ ಸಾಮಾನು ಹೊತ್ತು, ಬೈಗುಳ ತಿಂದು ಯಜಮಾನನ ಬೆನ್ನಿಗೇ ಓಡುವ ದುಂಡಗಿನ ಮನುಷ್ಯ. 1988ರಲ್ಲಿ ಲೆಸ್ಟರ್ ಅದೇ ನಟರನ್ನು ಒಟ್ಟುಗೂಡಿಸಿ 'ದಿ ರಿಟರ್ನ್ ಆಫ್ ದಿ ಮಸ್ಕೆಟಿಯರ್ಸ್' ಮಾಡುತ್ತಿದ್ದಾಗ ಟೊಲೆಡೊದಲ್ಲಿ ಕಿನಿಯರ್ ಕುದುರೆಯಿಂದ ಬಿದ್ದರು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಲೆಸ್ಟರ್ ಅದಾದ ಮೇಲೆ ಇನ್ನೊಂದು ಕಥಾಚಿತ್ರ ನಿರ್ದೇಶಿಸಲಿಲ್ಲ. ಸಾಹಸದ ಚಿತ್ರಗಳಲ್ಲಿ ಮೈಯ ಭಾರವನ್ನು ಇಷ್ಟು ಚೆನ್ನಾಗಿ ಅರಿತಿದ್ದ ಮನುಷ್ಯನಿಗೆ ಒಬ್ಬ ಗೆಳೆಯನ ಮೈ ನೆಲಕ್ಕೆ ಬಿದ್ದದ್ದು ಹೊರಲಾರದ ಭಾರವಾಗಿರಬೇಕು. ಈಗ ಮೊದಲ ಚಿತ್ರದಲ್ಲಿ ಪ್ಲಾಂಷೆ ಎಡವುವ ಕಡೆಯೆಲ್ಲ ನನಗೆ ನಗುವಿನ ಜೊತೆಗೆ ಗಂಟಲು ಕಟ್ಟುತ್ತದೆ.

ಮಲಗುವ ಮುಂಚೆ ಕಾದಂಬರಿಯ ಕೊನೆಯ ಪುಟಗಳನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಪೂರ್ತಿ ಕಾದಂಬರಿ ಓದಿದ್ದು ಮೂವತ್ತು ದಾಟಿದ ಮೇಲೆ. ಅವರು ಅಂದು ತೋಟದಲ್ಲಿ ಹೇಳಿದ ಮಾತು ಅಷ್ಟು ವರ್ಷ ನೆನಪಿತ್ತು. ದಾರ್ತಾನ್ಯಾನಿಗೆ ಲೆಫ್ಟಿನೆಂಟ್ ಹುದ್ದೆಯ ಆಜ್ಞಾಪತ್ರ ಸಿಗುತ್ತದೆ, ಹೆಸರಿನ ಜಾಗ ಖಾಲಿ. ಅವನು ಅದನ್ನು ಹಿಡಿದು ಒಬ್ಬೊಬ್ಬ ಗೆಳೆಯನ ಬಾಗಿಲಿಗೂ ಹೋಗುತ್ತಾನೆ, ನೀನು ತಗೋ ಅಂತ. ಮೂವರೂ ಬೇಡ ಅನ್ನುತ್ತಾರೆ. ಅಥೋಸನೇ ಲೇಖನಿ ತೆಗೆದುಕೊಂಡು ದಾರ್ತಾನ್ಯಾನ ಹೆಸರು ಬರೆದುಕೊಡುತ್ತಾನೆ. ಇನ್ನು ನನಗೆ ಗೆಳೆಯರಿಲ್ಲ, ಉಳಿದದ್ದು ಕಹಿ ನೆನಪುಗಳು ಮಾತ್ರ ಅಂತ ತಲೆಯನ್ನು ಕೈಯಲ್ಲಿ ಹಿಡಿದು ಹುಡುಗ ಅಳುತ್ತಾನೆ. ನೀನಿನ್ನೂ ಚಿಕ್ಕವನು, ಆ ಕಹಿ ನೆನಪು ಸಿಹಿಯಾಗಲು ಹೊತ್ತಿದೆ ಅನ್ನುತ್ತಾನೆ ಅಥೋಸ್.

ಮಾವ ಅದನ್ನು ಇನ್ನೊಂದು ಸಲ ಹೇಳಿಸಿದರು. ಆಮೇಲೆ, "ಅಟ್ಟ ಹತ್ತಿ ಅದನ್ನ ಇಳ್ಸು ನೋಡನ" ಅಂದರು.

ಏಣಿ ಇಟ್ಟು ಹತ್ತಿದೆ. ಹಳೆಯ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಬೇಗಡೆ ಅಲ್ಲಲ್ಲಿ ಎದ್ದು ಕೈಗೆ ಅಂಟಿತು. ತಂದು ಹಜಾರದ ನಡುವೆ ನಿಂತು ಎತ್ತಿದೆ. ಏನೂ ತೂಕವಿಲ್ಲದ್ದರಿಂದ ಕೈ ಸರ್ರನೆ ತಲೆಯ ಮೇಲಕ್ಕೆ ಹೋಯಿತು.

"ಹಂಗಲ್ಲ" ಅಂದರು ಮಾವ, ಕೂತಲ್ಲಿಂದಲೇ ಬೆನ್ನು ನೆಟ್ಟಗೆ ಮಾಡಿ. "ಕೆಳಗಿಡು. ಮೊದ್ಲು ಉಸಿರು ಹಿಡಿ."